ಹದಿಮೂರಡಿ ಕೋಲು, ಕಾಲಬುಡದ ಮೀನು

ಮರವಂತೆ ನೋಡಿದವರಿಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಹೆದ್ದಾರಿಯ ಒಂದು ಪಕ್ಕ ಅರಬ್ಬೀ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಬಸ್ಸಲ್ಲಿ ಹೋಗುವವರು ಅತ್ತ ನೋಡಲೋ ಇತ್ತ ನೋಡಲೋ ಅಂತ ಕತ್ತು ತಿರುಗಿಸ್ತಾ ಇರ್ತಾರೆ. ನಮ್ಮಂಥ ಗಾಳದ ಹುಚ್ಚರಿಗೆ ಅಲ್ಲಿ ಬೇರೆಯದೇ ತಲೆನೋವು. ಅಲೆಗೆ ಗಾಳ ಹಾಕುವುದೋ, ಹೊಳೆಗೆ ಹಾಕುವುದೋ? ಎರಡಕ್ಕೂ ಒಂದೇ ಕೋಲು ಸಾಕೋ, ಎರಡು ಬೇಕೋ?

ಮೊನ್ನೆ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಮೊದಲ ಸಂಬಳ ಬಂದ ಖುಷಿ. "ಮಾವ, ಹದಿಮೂರಡಿದ್ ಒಂದ್ ಸರ್ಫ್ ರಾಡ್ ತಕಂತೆ, ಹ್ಯಾಂಗೆ?" ಅಂದ. ನಾನು ಹಿಂದೆಮುಂದೆ ನೋಡದೆ "ಬೇಡ" ಅಂದುಬಿಟ್ಟೆ. ಹುಡುಗನ ಮುಖ ಸಪ್ಪಗಾದದ್ದು ಫೋನಲ್ಲೇ ಗೊತ್ತಾಯ್ತು. ಅವನಿಗೆ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸಿ ಇದನ್ನು ಬರೀತಿದ್ದೇನೆ. ನಿಮ್ಮಲ್ಲೂ ಯಾರಿಗಾದರೂ ಈ ಹುಚ್ಚು ಇದ್ದರೆ ಉಪಯೋಗವಾದೀತು.

ಯಾಕೆ ಬೇಡ ಅಂದೆ ಅಂದರೆ, ಆ ಹದಿಮೂರಡಿ ಕೋಲು ನಮ್ಮ ಮನೆ ಅಟ್ಟದಲ್ಲಿ ಈಗಲೂ ಇದೆ :-)

ಯೂಟ್ಯೂಬಿನಲ್ಲಿ ದಕ್ಷಿಣ ಆಫ್ರಿಕಾದವರು, ಅಮೆರಿಕಾದ ಕೇಪ್ ಹ್ಯಾಟರಸ್‌ನವರು ಬೀಸಿ ಎಸೆಯುವುದನ್ನು ನೋಡಿ ನೋಡಿ ನನಗೂ ಒಂದು ಉದ್ದ ಕೋಲು ಬೇಕು ಅನ್ನಿಸಿತ್ತು. ಕೋಲಿಗೇ ದುಡ್ಡೆಲ್ಲ ಸುರಿದೆ. ಉಳಿದ ಚಿಲ್ಲರೆಯಲ್ಲಿ ಒಂದು ದೊಡ್ಡ ಸೈಜಿನ ಅಗ್ಗದ ರೀಲು ತಗೊಂಡೆ. ಕೋಲಿನ ಬುಡದಲ್ಲಿ "100-250 ಗ್ರಾಂ" ಅಂತ ಬರೆದಿತ್ತು, ನಾನದನ್ನು ಓದಲೇ ಇಲ್ಲ. ಎಷ್ಟು ತೂಕ ಕಟ್ಟಿದರೆ ಆ ಕೋಲು ಸರಿಯಾಗಿ ಬಾಗಿ ಎಸೆಯುತ್ತದೆ ಅನ್ನುವ ಲೆಕ್ಕ ಅದು. ನನ್ನ ಹತ್ತಿರ ಇದ್ದದ್ದು ನಲವತ್ತು ಗ್ರಾಮಿನ ಸೀಸ. ಕೋಲು ಬಾಗಲೇ ಇಲ್ಲ. ಬಾಗದ ಕೋಲು ಬರೀ ದೊಣ್ಣೆ ಅಷ್ಟೆ. ಸೀಸ ಹೋಗಿ ಬಿದ್ದದ್ದು ಮೊದಲನೇ ಅಲೆಯ ಆಚೆಗೆ.

ಪಕ್ಕದಲ್ಲಿ ಒಬ್ಬರು ಅಜ್ಜ ಕೈಗಾಳ ಹಿಡಿದು ನಿಂತಿದ್ದರು. ಒಂದು ಖಾಲಿ ಬಾಟಲಿಗೆ ಸುತ್ತಿದ ನೈಲಾನ್ ದಾರ, ಚೂರು ಸೀಸ, ಎರೆಗೆ ಸಿಗಡಿ. ಒಂದೊಂದೇ ಕಾಣೆ ಎಳೆದು ಚೀಲಕ್ಕೆ ಹಾಕ್ತಿದ್ದರು. ನನ್ನ ಕಸರತ್ತು ಸುಮಾರು ಹೊತ್ತು ನೋಡಿ ಕೊನೆಗೆ ಹೇಳಿದರು, "ಹ್ವಾಯ್, ಅಷ್ಟ್ ದೂರ ಎಂತಕ್ ಬಿಸಾಡ್ತ್ರಿ? ಮೀನ್ ಇಲ್ಲೇ ಕಾಲ್ಬುಡ್ದಲ್ ಇತ್ತಲೆ."

ಅವರು ಹೇಳಿದ್ದು ತಮಾಷೆಗಲ್ಲ. ಅಲೆ ಒಡೆಯುವ ಮರಳದಿಣ್ಣೆಗೂ ದಡಕ್ಕೂ ನಡುವೆ ಒಂದು ತಗ್ಗು ಇರುತ್ತದೆ. ಅಲೆ ಮರಳನ್ನು ಕೆದಕಿದಾಗ ಅದರೊಳಗಿನ ಹುಳು, ಸಣ್ಣ ಏಡಿ ಎಲ್ಲ ಆ ತಗ್ಗಿಗೆ ಬರುತ್ತವೆ. ಕಾಣೆಯಂಥ ಮೀನು ಮೇಯುವುದು ಅಲ್ಲೇ. ಇಳಿತದ ಹೊತ್ತಿಗೆ ಹೋಗಿ ದಡದ ಮೇಲೆ ನಿಂತು ನೋಡಿ. ಎಲ್ಲಿ ಅಲೆ ಒಡೆಯದೆ ನೀರು ಕಪ್ಪಗೆ ಕಾಣುತ್ತದೋ ಅದೇ ತಗ್ಗು. ಭರತ ಬಂದಾಗ ಎಷ್ಟು ದೂರ ಎಸೆಯಬೇಕು ಅಂತ ಆವಾಗಲೇ ಗೊತ್ತಾಗಿಬಿಡುತ್ತದೆ. ಎಷ್ಟೋ ಕಡೆ ಮೂವತ್ತು ನಲವತ್ತು ಮೀಟರು ಸಾಕು. ನಾವು ಅದನ್ನು ದಾಟಿಸಿ ಎಸೆದು "ಮೀನೇ ಇಲ್ಲ ಮಾರಾಯ" ಅಂತೇವೆ.

ಹಾಗಂತ ಉದ್ದ ಕೋಲು ದಂಡ ಅಂತ ನಾನು ಹೇಳುತ್ತಿಲ್ಲ. ಚಪ್ಪಟೆ ಕಡಲತೀರದಲ್ಲಿ ದಿಣ್ಣೆ ದೂರ ಇದ್ದರೆ, ದೊಡ್ಡ ಎರೆ ಕಟ್ಟಿ ದೊಡ್ಡ ಮೀನಿಗೆ ಕಾಯುವುದಾದರೆ ಅದು ಬೇಕು. ದಾರವನ್ನು ಒಡೆಯುವ ಅಲೆಯಿಂದ ಮೇಲೆ ಹಿಡಿಯಲಿಕ್ಕೂ ಉದ್ದ ಒಳ್ಳೆಯದೇ. ಆದರೆ ಕೋಲು ಒಂದು ಸನ್ನೆ ಇದ್ದ ಹಾಗೆ. ಎಸೆಯುವಾಗ ನಮಗೆ ಲಾಭ, ಮೀನು ಎಳೆಯುವಾಗ ಮೀನಿಗೇ ಲಾಭ. ಇದು ನನಗೆ ಗೊತ್ತಾದದ್ದು ಮರುದಿನ, ರಸ್ತೆ ದಾಟಿ ಹೊಳೆ ಬದಿಗೆ ಹೋದಾಗ.

ಹೊಳೆಯಲ್ಲಿ ಕೆಂಬೇರಿ ಇರುವುದು ಕಲ್ಲಿನ ಸಂದಿಯಲ್ಲಿ, ಕಾಂಡ್ಲಾ ಬೇರಿನ ಬುಡದಲ್ಲಿ. ಎರೆ ಕಚ್ಚಿದ್ದೇ ತಡ, ತಿರುಗಿ ಸಂದಿಗೇ ನುಗ್ಗುತ್ತದೆ. ಅಲ್ಲಿ ಬೇಕಾದ್ದು ಉದ್ದವಲ್ಲ, ಬುಡದಲ್ಲಿ ಕಸುವು. ಏಳೆಂಟು ಅಡಿಯ ಗಟ್ಟಿ ಕೋಲು ಸಾಕು, ಗಿಡದ ಕೆಳಗೆ ನಿಂತು ಬೀಸಲಿಕ್ಕೂ ಜಾಗ ಸಿಗುತ್ತದೆ. ನನ್ನ ಕೈಯಲ್ಲಿದ್ದದ್ದು ಹದಿಮೂರಡಿ. ಬೂತಾಯಿ ತುಂಡಿಗೆ ಮೀನು ಕಚ್ಚಿತು. ಹಿಂದಿನ ದಿನ ಉಪ್ಪುನೀರು ಕುಡಿದಿದ್ದ ಅಗ್ಗದ ರೀಲಿನ ಡ್ರ್ಯಾಗ್ ಹಿಡಿದುಕೊಂಡು ನಿಂತಿತ್ತು. ಡ್ರ್ಯಾಗ್ ಅಂದರೆ ಮೀನು ಜೋರು ಎಳೆದಾಗ ದಾರ ತುಂಡಾಗದ ಹಾಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ಬ್ರೇಕು. ಅದು ಬಿಡಲಿಲ್ಲ. ದಾರ ಟಪ್ ಅಂತ ತುಂಡಾಯಿತು. ಗಾಳ ಬಾಯಲ್ಲಿಟ್ಟುಕೊಂಡೇ ಮೀನು ಹೋಯಿತು. ಜೊತೆಗೆ ಹತ್ತಿಪ್ಪತ್ತು ಮೀಟರ್ ಹೆಣೆದ ದಾರವೂ ಹೋಗಿ ಕಾಂಡ್ಲಾ ಗಿಡಕ್ಕೆ ಸಿಕ್ಕಿಕೊಂಡಿತು. ಕತ್ತಲಾಗಿತ್ತು, ಬಿಟ್ಟು ಬಂದೆ.

ಬೆಳಿಗ್ಗೆ ಅಪ್ಪಯ್ಯನ ಜೊತೆ ಆ ಕಡೆ ಹೋದರೆ ಆ ದಾರಕ್ಕೆ ಒಂದು ಬೆಳ್ಳಕ್ಕಿ ಸಿಕ್ಕಿಕೊಂಡಿತ್ತು. ರಾತ್ರಿಯಿಡೀ ಒದ್ದಾಡಿರಬೇಕು. ದಾರ ಕಾಲಿನ ಚರ್ಮ ಕೊಯ್ದು ಒಳಗೆ ಇಳಿದಿತ್ತು. ಅಪ್ಪಯ್ಯ ಕೆಸರಿಗಿಳಿದು, ಬೈರಾಸ ಮುಚ್ಚಿ ಹಿಡಿದು, ಚೂರಿಯಲ್ಲಿ ಒಂದೊಂದೇ ಎಳೆ ಕೊಯ್ದು ಬಿಡಿಸಿದರು. ಅದು ಹಾರಿತು ಅಂತಲೇ ಇಟ್ಟುಕೊಳ್ಳಿ. ಆದರೆ ಒಂದು ಕಾಲು ಜೋತಾಡುತ್ತಿತ್ತು. ಅಪ್ಪಯ್ಯ ನನಗೆ ಬೈಯಲಿಲ್ಲ. ಉಳಿದ ದಾರವನ್ನೆಲ್ಲ ಕೈಗೆ ಸುತ್ತಿ ಸುತ್ತಿ ತೆಗೆದು ಕಿಸೆಗೆ ಹಾಕಿಕೊಂಡು ಮನೆಗೆ ನಡೆದರು. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಕೋಲು, ರೀಲು ಆರಿಸುವುದು ಶೋಕಿಯ ವಿಷಯ ಅಂತ ನನಗೆ ಈಗ ಅನ್ನಿಸುವುದಿಲ್ಲ. ಕಚ್ಚಿದ ಮೀನನ್ನು ದಡಕ್ಕೆ ತರಲಾಗದ ಸಾಮಾನು ತಗೊಂಡು ನೀರಿಗೆ ಹೋಗಬಾರದು. ಎಷ್ಟು ದೂರ ಎಸೆಯುತ್ತದೆ ಅನ್ನುವುದು ಆಮೇಲಿನ ಮಾತು.

ಈಗ ಅಳಿಯನಿಗೆ ಹೇಳುವುದು ಇಷ್ಟು. ಮೊದಲ ಕೋಲು ಒಂಬತ್ತಡಿಯದ್ದು ಇರಲಿ, ಎರಡು ತುಂಡಿನದ್ದು. ತೂಕ 15-45 ಗ್ರಾಂ ಆಸುಪಾಸು. ಇದು ಮರವಂತೆಯ ತಗ್ಗಿಗೂ ಮುಟ್ಟುತ್ತದೆ, ಹೊಳೆಯಲ್ಲೂ ಕೈಗೆ ತೀರಾ ಭಾರವಾಗುವುದಿಲ್ಲ. ಗ್ರಾಫೈಟ್ ಹಗುರ, ಆದರೆ ಕಲ್ಲಿಗೆ ಬಡಿದರೆ ಪುಸಕ್ ಅನ್ನುತ್ತದೆ. ಗ್ಲಾಸ್ ಫೈಬರ್ ಭಾರ, ಆದರೆ ಪೆಟ್ಟು ತಡೆಯುತ್ತದೆ. ಎರಡೂ ಬೆರೆಸಿದ್ದು ಹೊಸಬರಿಗೆ ಒಳ್ಳೆಯದು.

ರೀಲು 4000 ಸೈಜಿನ ಸ್ಪಿನ್ನಿಂಗ್ ರೀಲು. ದೊಡ್ಡ ಮೀನು ಹಿಡಿಯುವವರು ಮಲ್ಟಿಪ್ಲೈಯರ್ ಬಳಸುತ್ತಾರೆ ಅಂತ ನೀನೂ ಅದಕ್ಕೆ ಹೋಗಬೇಡ. ಅದರಲ್ಲಿ ಎಸೆಯುವಾಗ ಸುರುಳಿಯೇ ತಿರುಗುತ್ತದೆ, ಹೆಬ್ಬೆರಳು ಒಂದು ಕ್ಷಣ ತಪ್ಪಿದರೂ ದಾರ ಹಕ್ಕಿಗೂಡಾಗುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಿ ಸುರುಳಿ ಅಲ್ಲಾಡದೆ ನಿಲ್ಲುತ್ತದೆ, ದಾರ ತುದಿಯಿಂದ ಜಾರುತ್ತದೆ. 1905ರಲ್ಲಿ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಅನ್ನುವವರು ಇಂಥದ್ದಕ್ಕೆ ಪೇಟೆಂಟ್ ಪಡೆದರು. ಅವರು ಬಟ್ಟೆ ಗಿರಣಿಯವರು. ಗಿರಣಿಯ ಕದಿರಿನಿಂದ ನೂಲು ಬಿಚ್ಚಿಕೊಳ್ಳುವ ರೀತಿಯೇ ಇದರಲ್ಲೂ ಇದೆ. ಶಿಮಾನೋ, ಡೈವಾ, ಪೆನ್ ಯಾವುದಾದರೂ ಆಗಲಿ, ಅಂಗಡಿಯಲ್ಲಿ ಡ್ರ್ಯಾಗ್ ಸಡಿಲ ಮಾಡಿ ದಾರ ಎಳೆದು ನೋಡು. ನಯವಾಗಿ ಬರಬೇಕು, ಜರ್ಕ್ ಹೊಡೆಯಬಾರದು. ಕೋಲಿಗಿಂತ ರೀಲಿಗೆ ಹೆಚ್ಚು ದುಡ್ಡು ಹಾಕು. ನಾನು ಮಾಡಿದ್ದು ಇದರ ಉಲ್ಟಾ.

ದಾರ 20 ಪೌಂಡಿನ ಹೆಣೆದದ್ದು. ಇದು ನೈಲಾನಿಗಿಂತ ತೆಳು, ಹಿಗ್ಗುವುದಿಲ್ಲ, ಕಚ್ಚಿದ್ದು ಕೈಗೆ ತಕ್ಷಣ ಗೊತ್ತಾಗುತ್ತದೆ. ಆದರೆ ಕಲ್ಲಿಗೆ, ಕಲ್ಲಿಗಂಟಿದ ಚಿಪ್ಪಿಗೆ ತಾಗಿದರೆ ಬೇಗ ಕೊಯ್ಯುತ್ತದೆ. ಅದಕ್ಕೇ ತುದಿಗೆ 30 ಪೌಂಡಿನ ದಪ್ಪ ನೈಲಾನ್ ಲೀಡರ್ ಕಟ್ಟಬೇಕು. ಎಸೆಯುವ ಹೊಡೆತ ತಡೆಯಲಿಕ್ಕೆ ಒಂದು ಹಳೇ ಲೆಕ್ಕ ಇದೆ. ಒಂದು ಔನ್ಸ್, ಅಂದರೆ 28 ಗ್ರಾಂ ಸೀಸಕ್ಕೆ 10 ಪೌಂಡ್ ಲೀಡರ್. ಡ್ರ್ಯಾಗ್ ಅನ್ನು ದಾರದ ಬಲದ ಕಾಲುಭಾಗಕ್ಕೆ ಇಡು, ಹೆಚ್ಚೆಂದರೆ ಮೂರರಲ್ಲಿ ಒಂದು. 20 ಪೌಂಡ್ ಅಂದರೆ ಒಂಬತ್ತು ಕಿಲೋ, ಹಾಗಾಗಿ ಎರಡರಿಂದ ಮೂರು ಕಿಲೋ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಕಟ್ಟಿ ಎಳೆದರೆ ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ ಊಟಕ್ಕೆ ಮೊದಲು ರೀಲು ತೊಳಿ. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಹನಿಸಿ, ಒರೆಸಿ, ಆಮೇಲೆ ಡ್ರ್ಯಾಗ್ ಸಡಿಲ ಬಿಡು. ಪೈಪಿನಿಂದ ಜೋರಾಗಿ ಹೊಡೆದರೆ ಉಪ್ಪು ಒಳಗೇ ಹೋಗುತ್ತದೆ. ತುಂಡಾದ ದಾರ ನೀರಿಗೆ ಎಸೀಬೇಡ, ಕಿಸೆಗೆ ಹಾಕು. ಇದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ.

ಇನ್ನೊಂದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ಮೀನಿನ ಆಸೆಗೆ ಗಾಳ ಹಿಡಿದು ತಡೆಗೋಡೆ ಕಲ್ಲು ಹತ್ತುವವರು ಜಾಸ್ತಿ. ಮಳೆಗಾಲದ ಅಲೆ ಎದುರು ಪಾಚಿಗಟ್ಟಿದ ಕಲ್ಲಿನ ಮೇಲೆ ನಿಂತವನಿಗೆ ಯಾವ ಕಂಪನಿಯ ಕೋಲೂ ಆಸರೆಯಲ್ಲ. ಆ ಎರಡು ತಿಂಗಳು ಕಡಲ ಕಡೆ ಕೋಲು ಹಿಡಿದು ಹೋಗಲೇಬೇಡ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಜಗಳಕ್ಕೆ ಬರುವವರು ಬರಬಹುದು.

ಇಷ್ಟೆಲ್ಲ ಅಳಿಯನಿಗೆ ಫೋನಲ್ಲಿ ಹೇಳಿದರೆ, "ಆಯ್ತ್ ಮಾವ, ಹಂಗಾರೆ ನಿಮ್ಮ ಅಟ್ಟದ್ ಕೋಲ್ ನಂಗ್ ಕೊಡಿ" ಅಂತಾನೆ! ಇದಕ್ಕೇನಂತೀರಿ? :-)