ಗಿರಾಕಿಯ ಹೆಸರು ಯಾರ ಖಾತೆಯಲ್ಲಿ?

ಅಂತರಜಾಲದ ಮೂಲಕ ಸರಕು ಮಾರಲು ಹೊರಟ ವ್ಯಾಪಾರಿಯು ಆರಂಭದಲ್ಲೇ ಮಾಡಬೇಕಾದ ದೊಡ್ಡ ತೀರ್ಮಾನವೆಂದರೆ ಇ-ಕಾಮರ್ಸ್ ವೇದಿಕೆಯ ಆಯ್ಕೆ. ವೇದಿಕೆ ಎಂದರೆ ಸರಕಿನ ಚಿತ್ರ ಮತ್ತು ಬೆಲೆಯನ್ನು ಗಿರಾಕಿಗೆ ತೋರಿಸುವ, ಆರ್ಡರನ್ನೂ ಹಣವನ್ನೂ ಸ್ವೀಕರಿಸುವ, ದಾಸ್ತಾನಿನ ಲೆಕ್ಕವಿಡುವ ಮತ್ತು ಕೊರಿಯರ್ ಕಂಪನಿಗೆ ಸುದ್ದಿ ಮುಟ್ಟಿಸುವ ತಂತ್ರಾಂಶದ ಒಟ್ಟು ಏರ್ಪಾಡು. ಈ ಆಯ್ಕೆಯ ಚರ್ಚೆ ಸಾಮಾನ್ಯವಾಗಿ ತಿಂಗಳ ಶುಲ್ಕ ಎಷ್ಟು, ಪುಟದ ವಿನ್ಯಾಸ ಎಷ್ಟು ಚೆಂದ, ಸೌಲಭ್ಯಗಳು ಯಾವುವು ಎಂಬಲ್ಲಿಗೇ ಮುಗಿದುಬಿಡುತ್ತದೆ. ಆದರೆ ಶುಲ್ಕ ವರ್ಷಕ್ಕೊಮ್ಮೆ ಬದಲಾಗುತ್ತದೆ, ವಿನ್ಯಾಸ ಅದಕ್ಕಿಂತ ಬೇಗ ಹಳತಾಗುತ್ತದೆ. ಬಹುಕಾಲ ಉಳಿಯುವ ಪ್ರಶ್ನೆಗಳು ಎರಡೇ: ಕೊಂಡವರ ಹೆಸರು ಮತ್ತು ಖರೀದಿಯ ಚರಿತ್ರೆ ಯಾರ ಖಾತೆಯಲ್ಲಿ ಉಳಿಯುತ್ತದೆ, ಮತ್ತು ವ್ಯಾಪಾರಿಯು ನಾಳೆ ಬೇರೆಡೆಗೆ ಹೋಗಬೇಕೆಂದರೆ ಏನನ್ನು ಜೊತೆಗೆ ಒಯ್ಯಬಲ್ಲ.

ಈ ಪ್ರಶ್ನೆಗಳಿಗೂ ಮೊದಲು ಸರಕಿನ ಸ್ವಭಾವವನ್ನು ಅರಿಯುವುದು ಅಗತ್ಯ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗದ ಸೀರೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಅದರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ತೋಪು ತೆನಿ ಎಂಬ ವಿಧಾನದಲ್ಲಿ ಎಳೆಗೆ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಸೇರಿಸುವುದರಿಂದ, ಒಮ್ಮೆಗೆ ಒಂದು ಸೀರೆಗೆ ಬೇಕಾದಷ್ಟೇ ಹಾಸು ಸಿದ್ಧವಾಗುತ್ತದೆ. ಇಂತಹ ಸರಕಿನಲ್ಲಿ ಒಂದೇ ಬಣ್ಣ, ಒಂದೇ ಅಂಚು ಇರುವ ನೂರಾರು ಪ್ರತಿಗಳು ಸುಲಭವಾಗಿ ಸಿಗುವುದಿಲ್ಲ. ಗಿರಾಕಿಗೂ ಅಂಚಿನ ಹೆಸರು, ಒಡಲು ಹತ್ತಿಯದೋ ರೇಷ್ಮೆಯದೋ, ನೇಯ್ಗೆ ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬ ವಿವರಣೆ ಬೇಕಾಗುತ್ತದೆ. ಮೊಬೈಲಿನ ಚಾರ್ಜರ್ ಮಾರುವವನಿಗೆ ಇವಾವುವೂ ಬೇಕಿಲ್ಲ. ಅವನಿಗೆ ಬೇಕಾದದ್ದು ಒಂದೇ ನಮೂನೆಯ ಸಾವಿರ ಪೊಟ್ಟಣಗಳು ಬೇಗ ಕರಗುವ ಜಾಗ. ಇಬ್ಬರೂ ಒಂದೇ ವೇದಿಕೆಯನ್ನು ಆರಿಸಿದರೆ ಅವರಲ್ಲಿ ಒಬ್ಬರಿಗೆ ಅದು ಒಗ್ಗದಿರುವ ಸಾಧ್ಯತೆಯೇ ಹೆಚ್ಚು.

ಮೊದಲ ಬಗೆಯ ವೇದಿಕೆ ಮಾರ್ಕೆಟ್‌ಪ್ಲೇಸ್, ಅಂದರೆ ಅನೇಕ ಮಾರಾಟಗಾರರ ಸರಕನ್ನು ಒಂದೇ ಹೆಸರಿನಡಿ ತೋರಿಸಿ, ಸಾಮಾನ್ಯವಾಗಿ ಮಾರಾಟದ ಮೇಲೆ ಕಮಿಷನ್ ಪಡೆಯುವ ತಾಣ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾಗಿ 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪನಿಯ ಹಿಡಿತಕ್ಕೆ ಬಂದ ಫ್ಲಿಪ್‌ಕಾರ್ಟ್ ಮತ್ತು 2013ರಲ್ಲಿ ಭಾರತಕ್ಕೆ ಕಾಲಿಟ್ಟ ಅಮೆಜಾನ್ ಈ ಬಗೆಯ ಪ್ರಮುಖ ತಾಣಗಳು. ಇವುಗಳಲ್ಲಿ ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವನು ಆಗಲೇ ಅಲ್ಲಿರುತ್ತಾನೆ. 2020ರಲ್ಲಿ ಈ ಎರಡೂ ತಾಣಗಳು ಕನ್ನಡದಲ್ಲಿಯೂ ದೊರೆಯುವಂತಾದ ಮೇಲೆ ಅವುಗಳ ವ್ಯಾಪ್ತಿ ಇನ್ನಷ್ಟು ಹಿಗ್ಗಿತು. ಹೊಸ ವ್ಯಾಪಾರಿಗೆ ಇದು ಸಣ್ಣ ಲಾಭವಲ್ಲ. ಆದರೆ ಕಮಿಷನ್, ಸಾಗಣೆ ಶುಲ್ಕ, ಜಾಹೀರಾತಿನ ವೆಚ್ಚ, ಮರಳಿ ಬಂದ ಸರಕಿನ ಖರ್ಚು ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವ ಹಣವೇ ನಿಜವಾದ ಬೆಲೆ. ಗಿರಾಕಿಯ ವಿಳಾಸ ಪೊಟ್ಟಣದ ಮೇಲೆ ಅಂಟಿಸುವ ಮಟ್ಟಿಗೆ ಮಾರಾಟಗಾರನಿಗೆ ದೊರೆತರೂ, ಅದನ್ನು ಬಳಸಿ ಮುಂದಿನ ಹಬ್ಬಕ್ಕೆ ಹೊಸ ಸೀರೆ ಬಂದಿದೆಯೆಂದು ತಿಳಿಸಲು ತಾಣದ ನಿಯಮಗಳು ಬಿಡುವುದಿಲ್ಲ. ಹೀಗಾಗಿ ಹತ್ತು ವರ್ಷ ಮಾರಿದ ಮೇಲೂ ಗಿರಾಕಿ ತಾಣದ ಗಿರಾಕಿಯಾಗಿಯೇ ಉಳಿಯುತ್ತಾನೆ.

ತಾಣದೊಳಗೆ ಯಾವ ಸರಕು ಮೇಲೆ ಕಾಣಬೇಕೆಂಬುದನ್ನು ನಿರ್ಧರಿಸುವವರೂ ಅದರ ಒಡೆಯರೇ. ಕೆಲವೇ ಮಾರಾಟಗಾರರಿಗೆ ಆದ್ಯತೆ ಸಿಗುತ್ತಿದೆಯೆಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಈ ಎರಡು ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿತು. ಅದನ್ನು ಪ್ರಶ್ನಿಸಿದ ಕಂಪನಿಗಳ ಅರ್ಜಿಗಳನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ತೆರಿಗೆಯ ನಿಯಮವೂ ಇಲ್ಲಿ ಗಮನಾರ್ಹ. ಮಾರ್ಕೆಟ್‌ಪ್ಲೇಸ್ ಮೂಲಕ ಸರಕು ಮಾರುವವರಿಗೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟಿನ ಮಿತಿಯೊಳಗಿದ್ದು ತಮ್ಮ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಇದರಿಂದ ವಿನಾಯಿತಿ ಸಿಕ್ಕಿದೆ. ಆದರೆ ಇಳಕಲ್ ಸೀರೆಯನ್ನು ಪ್ರೀತಿಯಿಂದ ಉಡುವವರು ಮಹಾರಾಷ್ಟ್ರದಲ್ಲಿಯೂ ಬಹಳ ಮಂದಿ ಇರುವುದರಿಂದ, ಗಡಿ ದಾಟಿ ಮಾರಬಯಸುವ ನೇಕಾರನಿಗೆ ಆ ವಿನಾಯಿತಿ ಹೆಚ್ಚು ದೂರ ಬರುವುದಿಲ್ಲ.

ಎರಡನೆಯ ಬಗೆ ಬಾಡಿಗೆಯ ತಂತ್ರಾಂಶ. ಕೆನಡಾದ ಒಟ್ಟಾವದಲ್ಲಿ ಸ್ನೋಬೋರ್ಡ್ ಮಾರಲು ಹೊರಟವರು ತಮ್ಮ ಅಂಗಡಿಗೆ ಹೊಂದುವ ತಂತ್ರಾಂಶ ಸಿಗದೆ ತಾವೇ ಬರೆದುಕೊಂಡು, 2006ರಲ್ಲಿ ಅದನ್ನೇ ಇತರರಿಗೆ ಒದಗಿಸತೊಡಗಿದ ಶಾಪಿಫೈ ಇದರ ಪ್ರಸಿದ್ಧ ಉದಾಹರಣೆ. ಇಲ್ಲಿ ವ್ಯಾಪಾರಿಗೆ ತನ್ನದೇ ಡೊಮೈನ್ ಹೆಸರು, ಅಂದರೆ ಅಂತರಜಾಲದ ಸ್ವಂತ ವಿಳಾಸ, ಇರುತ್ತದೆ. ಗಿರಾಕಿಗಳ ಪಟ್ಟಿ ಅವನ ಕೈಯಲ್ಲಿರುತ್ತದೆ. ಸರ್ವರ್ ನೋಡಿಕೊಳ್ಳುವ ಮತ್ತು ಸುರಕ್ಷತೆ ಕಾಪಾಡುವ ಹೊಣೆಯನ್ನು ಕಂಪನಿ ಹೊರುತ್ತದೆ. ಬದಲಿಗೆ ತಿಂಗಳ ಬಾಡಿಗೆ, ಹೆಚ್ಚುವರಿ ಸೌಲಭ್ಯಗಳ ಶುಲ್ಕ ಮತ್ತು ಪೇಮೆಂಟ್ ಗೇಟ್‌ವೇ, ಅಂದರೆ ಗಿರಾಕಿಯ ಹಣವನ್ನು ವ್ಯಾಪಾರಿಯ ಬ್ಯಾಂಕ್ ಖಾತೆಗೆ ತಲುಪಿಸುವ ಮಧ್ಯವರ್ತಿ ಸೇವೆಯ ಶುಲ್ಕ, ಇವನ್ನು ಕಟ್ಟಬೇಕು. ಗಿರಾಕಿಯನ್ನು ತಾಣಕ್ಕೆ ಕರೆತರುವ ಶ್ರಮವೂ ಪೂರ್ತಿಯಾಗಿ ವ್ಯಾಪಾರಿಯದೇ. ಪಟ್ಟಿಯನ್ನು ಒಯ್ಯಬಹುದಾದರೂ ಪುಟಗಳ ವಿನ್ಯಾಸವನ್ನೂ ಅಲ್ಲಿಗಷ್ಟೇ ಹೊಂದುವ ಪೂರಕ ತಂತ್ರಾಂಶಗಳನ್ನೂ ಬೇರೆಡೆಗೆ ಒಯ್ಯಲಾಗುವುದಿಲ್ಲ.

ಮೂರನೆಯದು ಮುಕ್ತ ತಂತ್ರಾಂಶ, ಅಂದರೆ ಮೂಲ ಸಂಕೇತವನ್ನು ಯಾರು ಬೇಕಾದರೂ ಪಡೆದು, ತಿದ್ದಿ, ತಮಗೆ ಬೇಕಾದ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದಾದದ್ದು. ವರ್ಡ್‌ಪ್ರೆಸ್ ಎಂಬ ಜಾಲತಾಣ ಕಟ್ಟುವ ತಂತ್ರಾಂಶದ ಜೊತೆ ಸೇರಿ ಕೆಲಸ ಮಾಡುವ, 2011ರಲ್ಲಿ ಬಂದ ವೂಕಾಮರ್ಸ್ ಮತ್ತು 2008ರಲ್ಲಿ ಬಂದ ಮೆಜೆಂಟೊ ಇದಕ್ಕೆ ಉದಾಹರಣೆಗಳು. ಇಲ್ಲಿ ಸ್ವಾತಂತ್ರ್ಯ ಅತಿ ಹೆಚ್ಚು, ಹೊಣೆಯೂ ಅಷ್ಟೇ. ಮೆಜೆಂಟೊದ ಮೊದಲ ಆವೃತ್ತಿಗೆ ಸುರಕ್ಷತಾ ತಿದ್ದುಪಡಿಗಳನ್ನು ಒದಗಿಸುವುದನ್ನು 2020ರ ಜೂನ್‌ನಲ್ಲಿ ಅಧಿಕೃತವಾಗಿ ನಿಲ್ಲಿಸಲಾಯಿತು. ಎರಡನೆಯ ಆವೃತ್ತಿಯ ಕಟ್ಟೋಣವೇ ಬೇರೆಯಾಗಿದ್ದುದರಿಂದ, ಹಳೆಯದರಲ್ಲಿ ಅಂಗಡಿ ನಡೆಸುತ್ತಿದ್ದವರು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಶುಲ್ಕವಿಲ್ಲದೆ ಸಿಗುವ ತಂತ್ರಾಂಶವನ್ನು ಖರ್ಚಿಲ್ಲದೆ ನಡೆಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ನಂಬಿಕೆಯ ತಂತ್ರಜ್ಞರೊಬ್ಬರು ಕರೆದರೆ ಸಿಗುವಂತಿಲ್ಲದ ವ್ಯಾಪಾರಿ ಈ ದಾರಿಯನ್ನು ಹಿಡಿಯದಿರುವುದೇ ಲೇಸು.

ಇವುಗಳ ಸಾಲಿಗೆ ಭಾರತದಲ್ಲಿ ನಾಲ್ಕನೆಯದೊಂದು ಸೇರಿದೆ. ಕೇಂದ್ರ ಸರ್ಕಾರದ ಪ್ರೇರಣೆಯಿಂದ 2021ರ ಡಿಸೆಂಬರ್‌ನಲ್ಲಿ ಲಾಭದ ಉದ್ದೇಶವಿಲ್ಲದ ಕಂಪನಿಯಾಗಿ ಸ್ಥಾಪಿತವಾಗಿ, 2022ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಪ್ರಯೋಗ ಆರಂಭಿಸಿದ ಒಎನ್‌ಡಿಸಿ, ತಾನೇ ಒಂದು ಅಂಗಡಿಯೂ ಅಲ್ಲ, ಆ್ಯಪ್ ಕೂಡ ಅಲ್ಲ. ಅದು ಬೇರೆಬೇರೆ ಆ್ಯಪ್‌ಗಳು ಪರಸ್ಪರ ವ್ಯವಹರಿಸಲು ಒಪ್ಪಿಕೊಂಡ ಸಮಾನ ನಿಯಮಗಳ ಜಾಲ. ಮಾರಾಟಗಾರ ಒಂದು ಆ್ಯಪ್‌ನಲ್ಲಿ ಸರಕು ದಾಖಲಿಸಿದರೆ, ಗಿರಾಕಿ ಅದನ್ನು ಮತ್ತೊಂದು ಕಂಪನಿಯ ಆ್ಯಪ್‌ನಲ್ಲಿ ಕಾಣಬಹುದು. ಯಾರೊಬ್ಬರ ಅಂಗಳಕ್ಕೂ ಸಿಲುಕದೆ ವ್ಯಾಪಾರ ಮಾಡಬಹುದೆಂಬ ಈ ಕಲ್ಪನೆ ಗೌರವಕ್ಕೆ ಅರ್ಹವಾದದ್ದು. ಆದರೂ ಕೈಗಳು ಹೆಚ್ಚಾದಂತೆ, ಸರಕು ಹಾಳಾದಾಗ ಅಥವಾ ಹಣ ಮರಳಿಸಬೇಕಾದಾಗ ಹೊಣೆ ಯಾರದೆಂಬುದನ್ನು ವ್ಯಾಪಾರಿ ಮೊದಲೇ ತಿಳಿದಿಟ್ಟುಕೊಳ್ಳಬೇಕು.

ವ್ಯಾಪಾರದ ನಿಯಮಗಳನ್ನು ಯಾರು ಬರೆಯುತ್ತಾರೆಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದೇನಲ್ಲ. ಇಳಕಲ್ಲಿನಿಂದ ಹೆಚ್ಚು ದೂರವಿಲ್ಲದ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ಮಧ್ಯಕಾಲೀನ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದುದ್ದಕ್ಕೂ, ಸಾಗರದಾಚೆ ಶ್ರೀಲಂಕಾ ಮತ್ತು ಸುಮಾತ್ರಾದಲ್ಲಿಯೂ ದೊರೆತಿವೆ. ಬಣಂಜು ಧರ್ಮವನ್ನು, ಅಂದರೆ ವರ್ತಕರ ಧರ್ಮವನ್ನು, ಪಾಲಿಸುವವರೆಂದು ತಮ್ಮನ್ನು ಕರೆದುಕೊಂಡ ಆ ವರ್ತಕರು, ಯಾವ ಸರಕಿನ ಹೇರಿಗೆ ಎಷ್ಟು ಆಯವನ್ನು ದೇವಾಲಯಕ್ಕೆ ಸಲ್ಲಿಸಬೇಕೆಂಬುದನ್ನು ತಾವೇ ಸೇರಿ ಒಪ್ಪಿ, ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಆ ಕಾಲವನ್ನು ಆದರ್ಶವೆಂದು ಹೊಗಳಬೇಕಾಗಿಲ್ಲ. ಆದರೆ ಕೊಡಬೇಕಾದ ಪಾಲು ಬಹಿರಂಗವಾಗಿರಬೇಕು ಮತ್ತು ಅದನ್ನು ನಿಗದಿ ಮಾಡುವಲ್ಲಿ ಮಾರುವವನ ಮಾತಿಗೂ ಬೆಲೆಯಿರಬೇಕು ಎಂಬ ತತ್ತ್ವ ಇಂದಿಗೂ ಸಲ್ಲುತ್ತದೆ. ಕಮಿಷನ್ ದರವನ್ನು ಏಕಪಕ್ಷೀಯವಾಗಿ ಬದಲಿಸಬಲ್ಲ ತಾಣವೊಂದನ್ನೇ ನಂಬಿ ಇಡೀ ಜೀವನೋಪಾಯವನ್ನು ಕಟ್ಟಿಕೊಳ್ಳುವುದು ಆ ತತ್ತ್ವವನ್ನು ಪೂರ್ತಿ ಬಿಟ್ಟುಕೊಟ್ಟಂತೆ.

ಹಾಗೆಂದು ಸ್ವಂತ ತಾಣ ತೆರೆದೊಡನೆ ಎಲ್ಲವೂ ಸರಿಹೋಗುವುದಿಲ್ಲ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳು ತನ್ನ ಸರಕನ್ನು ತಾನೇ ಆನ್‌ಲೈನ್‌ನಲ್ಲಿ ಮಾರುವ ಅಂಗಡಿಗೂ ಅನ್ವಯಿಸುತ್ತವೆ. ದೂರು ಬಂದ 48 ಗಂಟೆಗಳೊಳಗೆ ಅದು ತಲುಪಿದೆಯೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗಿರಾಕಿಗಳ ಪಟ್ಟಿಯನ್ನು ಹೊಂದುವವನಿಗೆ ಅದನ್ನು ಕಾಪಾಡುವ, ಒಪ್ಪಿಗೆಯಿಲ್ಲದೆ ಬಳಸದಿರುವ ಕರ್ತವ್ಯವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಅದೇ. ಸರಕು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ ಗಿರಾಕಿ ಪೊಟ್ಟಣವನ್ನು ನಿರಾಕರಿಸಿದರೆ, ಹೋಗಿಬಂದ ಎರಡೂ ಸಾಗಣೆಯ ಖರ್ಚು ಸಣ್ಣ ಅಂಗಡಿಯ ಮೇಲೆಯೇ ಬೀಳುತ್ತದೆ.

ಇವೆಲ್ಲವನ್ನೂ ತೂಗಿ ನೋಡಿದರೆ, ಇಳಕಲ್ಲಿನ ನೇಕಾರನಂತಹ ಸಣ್ಣ ಉತ್ಪಾದಕನಿಗೆ ಒಂದು ಕ್ರಮವನ್ನು ಸೂಚಿಸಬಹುದು. ಮೊದಲು ಡೊಮೈನ್ ಹೆಸರನ್ನು ತನ್ನ ಹೆಸರಿನಲ್ಲೇ, ತಂತ್ರಜ್ಞನ ಅಥವಾ ದಲ್ಲಾಳಿಯ ಹೆಸರಿನಲ್ಲಲ್ಲ, ನೋಂದಾಯಿಸಬೇಕು. ಆ ವಿಳಾಸದಲ್ಲಿ ಬಾಡಿಗೆಯ ತಂತ್ರಾಂಶದಿಂದ ಸರಳವಾದ ಅಂಗಡಿ ತೆರೆದು, ವಿರಳವಾದ, ವಿವರಣೆ ಬೇಡುವ ಸೀರೆಗಳನ್ನು ಅಲ್ಲಿ ಇಡಬೇಕು. ಪದೇಪದೇ ನೇಯಬಲ್ಲ ಸಾಮಾನ್ಯ ನಮೂನೆಗಳನ್ನು ಮಾರ್ಕೆಟ್‌ಪ್ಲೇಸ್ ಅಥವಾ ಒಎನ್‌ಡಿಸಿಯ ಮೂಲಕ ಮಾರಿ ಹೊಸ ಗಿರಾಕಿಗಳ ಕಣ್ಣಿಗೆ ಬೀಳಬೇಕು. ಸರಕಿನ ಚಿತ್ರ, ವಿವರಣೆ, ಆರ್ಡರ್‌ಗಳ ದಾಖಲೆಯನ್ನು ಪ್ರತಿ ತಿಂಗಳು ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ, ಈ ವೇದಿಕೆ ನಾಳೆ ಮುಚ್ಚಿದರೆ ಅಥವಾ ದರವನ್ನು ದುಪ್ಪಟ್ಟು ಮಾಡಿದರೆ ಎಷ್ಟು ದಿನಗಳಲ್ಲಿ, ಎಷ್ಟು ಖರ್ಚಿನಲ್ಲಿ ಮತ್ತೊಂದು ಕಡೆ ವ್ಯಾಪಾರ ಮುಂದುವರಿಸಬಹುದೆಂದು ಬರೆದು ನೋಡಬೇಕು. ಆ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಸಿಗದ ವೇದಿಕೆಯಲ್ಲಿ ತನ್ನ ಸರಕಿನ ಒಂದು ಪಾಲನ್ನು ಇಡಬಹುದು, ಇಡೀ ವ್ಯಾಪಾರವನ್ನು ಇಡಬಾರದು.