ಗ್ರೂಪ್ ಫೋಟೋದ ನೆಗೆಟಿವ್ ಗುಜರಿಗೆ ಹಾಕಬೇಡಿ

ಶಾಲೆಗೆ ಐವತ್ತು ತುಂಬಿತು, ಎಪ್ಪತ್ತೈದು ತುಂಬಿತು ಅಂತ ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಸಮಾರಂಭ ಮಾಡುವಾಗ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಗೋಡೆಯ ಮೇಲಿನ ಹಳೆಯ ಗ್ರೂಪ್ ಫೋಟೋವನ್ನು ಗಾಜಿನ ಮೇಲಿಂದಲೇ ಮೊಬೈಲಿನಲ್ಲಿ ಹೊಡೆದು ವಾಟ್ಸಾಪಿನಲ್ಲಿ ಫ್ಲೆಕ್ಸ್ ಅಂಗಡಿಗೆ ಕಳಿಸುತ್ತೇವೆ. ಸಂಜೆಗೆ ಹತ್ತಡಿ ಬ್ಯಾನರ್ ಬಂದು ನಿಲ್ಲುತ್ತದೆ. ಮಕ್ಕಳ ಮುಖವಿರಬೇಕಾದ ಕಡೆ ಬಿಳಿ ಮಚ್ಚೆಗಳು, ನಡುವೆ ಟ್ಯೂಬ್‌ಲೈಟಿನ ಗೆರೆ! ಸಮಾರಂಭ ಮುಗಿದ ಮೇಲೆ ಅದು ಸೌದೆಗೆ ಹೊದಿಕೆಯಾಗುತ್ತದೆ.

ಆ ಖರ್ಚಿನ ಜೊತೆಗೆ ಇನ್ನೊಂದಿಷ್ಟು ಸೇರಿಸಿ ಮೂಲ ನೆಗೆಟಿವ್‌ನಿಂದ ಒಂದೇ ಒಂದು ಒಳ್ಳೆಯ ಕಪ್ಪುಬಿಳುಪು ಪ್ರಿಂಟ್ ಮಾಡಿಸಿ ಶಾಲೆಯಲ್ಲಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಈಗ ಡಾರ್ಕ್‌ರೂಮ್ ಬೇಕಿಲ್ಲ. ಸ್ಕ್ಯಾನರ್ ಮತ್ತು ಇಂಕ್‌ಜೆಟ್ ಪ್ರಿಂಟರ್ ಸಾಕು. ಆದರೆ ಯಾವ ಪ್ರಿಂಟರ್, ಯಾವ ಶಾಯಿ ಎಂಬುದು ಗೊತ್ತಿರಬೇಕು.

ಇದೇನು ಅಂಥಾ ದೊಡ್ಡ ವಿಷಯ ಅಂತೀರಾ? 1956ರಲ್ಲಿ ರಾಜ್ಯಗಳು ಬೇರೆಯಾದಾಗ ನಾವು ಈ ಕಡೆ ಉಳಿದವರು. 2006ರ ತಮಿಳು ಕಲಿಕೆ ಕಾಯ್ದೆ ಬಂದು ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾದ ಮೇಲೆ ಮಾತೃಭಾಷೆಯ ಪರೀಕ್ಷೆಗಾಗಿ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೂ ಹೋಗಬೇಕಾಯಿತು. ತಮಿಳು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ, ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಕನ್ನಡ ವಿಭಾಗದ ಬೆಂಚುಗಳು ಖಾಲಿಯಾಗುತ್ತಿರುವುದನ್ನು ದಿನಾ ಕಣ್ಣಲ್ಲಿ ನೋಡುತ್ತಿದ್ದೇವೆ. ನಾಳೆ ಯಾರಾದರೂ 'ಇಲ್ಲಿ ಕನ್ನಡ ಶಾಲೆ ಇತ್ತೇ?' ಎಂದು ಕೇಳಿದರೆ ದಾಖಲಾತಿ ಪುಸ್ತಕ ಹೆಸರು ಹೇಳಬಹುದು, ಮುಖ ತೋರಿಸಲಾರದು. ಇನ್ನೊಂದು ಮಾತು. ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಮದುವೆಗೆ ಮುಂಚೆ ಕ್ಯಾಮರಾ ಮುಂದೆ ನಿಂತದ್ದು ಒಂದೇ ಸಲ, ಶಾಲೆಯ ಗ್ರೂಪ್ ಫೋಟೋಕ್ಕೆ. ಅಜ್ಜಿಯ ಬಾಲ್ಯದ ಮುಖ ಮೊಮ್ಮಕ್ಕಳಿಗೆ ಸಿಗುವುದಾದರೆ ಅಲ್ಲಿ ಮಾತ್ರ.

ಗೋಡೆಯ ಫೋಟೋವನ್ನೇ ಸ್ಕ್ಯಾನ್ ಮಾಡಿದರಾಗದೇ ಎಂದು ಕೇಳಬಹುದು. ನೆಗೆಟಿವ್ ಸಿಗದಿದ್ದರೆ ಹಾಗೇ ಮಾಡಬೇಕು, ಚೌಕಟ್ಟಿನಿಂದ ಬಿಚ್ಚಿ ಮಾಡಬೇಕು. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಬೇಡಿ, ಮುಖವೇ ಕಿತ್ತು ಬರುತ್ತದೆ. ಆದರೆ ನೆಗೆಟಿವ್‌ನಲ್ಲಿ ಇರುವಷ್ಟು ವಿವರ ಕಾಗದದಲ್ಲಿರುವುದಿಲ್ಲ. ಪ್ರಿಂಟಿನಲ್ಲಿ ಬರೀ ಬಿಳಿಯಾಗಿ ಕಾಣುವ ಅಂಗಿಯ ಮಡಿಕೆ, ಗುಂಡಿ, ತೇಪೆ ಎಲ್ಲಾ ನೆಗೆಟಿವ್‌ನಲ್ಲಿ ಇನ್ನೂ ಇರುತ್ತವೆ.

ನೆಗೆಟಿವ್ ಎಲ್ಲಿದೆ? ಬಹುಪಾಲು ಸ್ಟುಡಿಯೋದವರ ಅಟ್ಟದಲ್ಲಿ, ಬ್ರೌನ್ ಕವರಿನಲ್ಲಿ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲಂ ನಮ್ಮ ಹಿರಿಯರಿಗೆ ನೆನಪಿರಬಹುದು. ಆ ಕಾರ್ಖಾನೆಯೂ ಮುಚ್ಚಿತು, ಕಪ್ಪುಬಿಳುಪು ತೆಗೆಯುತ್ತಿದ್ದ ಸ್ಟುಡಿಯೋಗಳೂ ಒಂದೊಂದಾಗಿ ಮೊಬೈಲ್ ಅಂಗಡಿಗಳಾದವು. ಹಳೆಯ ಫಿಲಂನಲ್ಲಿ ಬೆಳ್ಳಿ ಇರುವುದರಿಂದ ಅದನ್ನು ತೂಕಕ್ಕೆ ಕೊಳ್ಳುವವರಿದ್ದಾರೆ. ಎಪ್ಪತ್ತು ಮಕ್ಕಳ ಮುಖ ಕರಗಿಸಿದರೆ ಎಷ್ಟು ಬೆಳ್ಳಿ ಬಂದೀತು! ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಹುಡುಕಿ ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ನಮ್ಮ ಗಡಿಶಾಲೆಗಳ ಫೋಟೋಗಳನ್ನು ಹುಡುಕುವ ಕೆಲಸ ನಮ್ಮದೇ.

ಸಿಕ್ಕಿದಾಗ ಮೊದಲ ಉತ್ಸಾಹದಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಚಿತ್ರವಿರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ತಿಂದ ಜೆಲಟಿನ್ ನೀರು ತಾಗಿದರೆ ಕರಗಿಹೋಗುತ್ತದೆ. ಗಾಳಿ ಊದುವ ರಬ್ಬರ್ ಬುಗ್ಗೆ, ಮೆತ್ತನೆಯ ಬ್ರಷ್ ಸಾಕು. ಹಿಡಿಯುವುದು ಅಂಚಿನಲ್ಲಿ ಮಾತ್ರ. ಮಂಕಾದ ಬದಿಯಲ್ಲಿ ಮುಖಗಳ ಮೇಲೆ ಪೆನ್ಸಿಲ್ ಗೀಚು ಕಂಡರೆ ಅದು ಕೊಳೆಯಲ್ಲ, ಆಗಿನ ಸ್ಟುಡಿಯೋದವರು ಕೈಯಾರೆ ಮಾಡಿದ 'ಟಚಿಂಗ್'. ಫಿಲಂ ಹುಳಿ ವಾಸನೆ ಹೊಡೆಯುತ್ತಿದ್ದರೆ ಅಸಿಟೇಟ್ ಕೊಳೆಯಲು ಶುರುವಾಗಿದೆ ಎಂದರ್ಥ. ಅದನ್ನು ಬೇರೆಯಾಗಿಟ್ಟು ಮೊದಲು ಸ್ಕ್ಯಾನ್ ಮಾಡಿಸಿ, ಅದಕ್ಕೆ ಹೆಚ್ಚು ಕಾಲವಿಲ್ಲ.

ಸ್ಕ್ಯಾನರ್ ಎಂದರೆ ಜೆರಾಕ್ಸ್ ಅಂಗಡಿಯದಲ್ಲ. ಮುಚ್ಚಳದಲ್ಲೂ ದೀಪವಿದ್ದು ಫಿಲಂನ ಮೂಲಕ ಬೆಳಕು ಹಾಯಿಸುವಂಥದ್ದು ಬೇಕು. ಇಲ್ಲವೇ ಬಿಳಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಮ್ಯಾಕ್ರೋ ಲೆನ್ಸಿನ ಕ್ಯಾಮರಾದಲ್ಲಿ ತೆಗೆಯಬಹುದು. ಲೆಕ್ಕ ಸುಲಭ, ನಮ್ಮ ಎಂಟನೇ ತರಗತಿಯವರೂ ಮಾಡುತ್ತಾರೆ. 35 ಮಿ.ಮೀ. ಫಿಲಂನ ಚೌಕಟ್ಟು 36 ಮಿ.ಮೀ. ಅಗಲ. ಇಂಚಿಗೆ 2400 ಬಿಂದುವಿನಂತೆ ಸ್ಕ್ಯಾನ್ ಮಾಡಿದರೆ ಸುಮಾರು 3400 ಬಿಂದು. ಪ್ರಿಂಟಿಗೆ ಇಂಚಿಗೆ 300 ಬೇಕೆಂದರೆ 11 ಇಂಚಿನ ಪ್ರಿಂಟ್. 120 ರೋಲ್ ಫಿಲಂನ ಚೌಕ ನೆಗೆಟಿವ್ ಆದರೆ ಅಷ್ಟರಲ್ಲೇ 17 ಇಂಚು ದಾಟುತ್ತದೆ. 16 ಬಿಟ್ ಗ್ರೇ, ಟಿಫ್ ಫೈಲ್ ಎಂದು ಕೇಳಿ ಪಡೆಯಿರಿ. 8 ಬಿಟ್‌ನಲ್ಲಿ 256 ಛಾಯೆಗಳಾದರೆ ಇದರಲ್ಲಿ 65,536. ಮುಂದೆ ತಿದ್ದುವಾಗ ಆಕಾಶದಲ್ಲಿ ಪಟ್ಟೆ ಬರುವುದಿಲ್ಲ. ಧೂಳನ್ನು ತಾನೇ ಅಳಿಸುವ ಅವಗೆಂಪು ಸೌಲಭ್ಯವನ್ನು ಮಾತ್ರ ಆರಿಸಿಡಿ. ಬೆಳ್ಳಿಯ ಕಣ ಆ ಬೆಳಕನ್ನು ತಡೆಯುವುದರಿಂದ ಯಂತ್ರಕ್ಕೆ ಚಿತ್ರವೂ ಧೂಳಿನಂತೆ ಕಾಣುತ್ತದೆ.

ಫಿಲಂ ತಿರುವುಮುರುವಾಗಿದೆಯೇ ಎಂದು ತಿಳಿಯುವುದು ಹೇಗೆ? ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಿನ ಹುಡುಗ ಸ್ಲೇಟು ಹಿಡಿದಿರುತ್ತಾನಲ್ಲ, ಅದನ್ನು ಓದಿ. ಕನ್ನಡ ಅಕ್ಷರ ನೆಟ್ಟಗಿದ್ದರೆ ಸರಿ. ಬೆಂಗಳೂರಿನ ದೊಡ್ಡ ಲ್ಯಾಬಿನಲ್ಲಿ ಕನ್ನಡ ಓದಲು ಬಾರದವರು ಕೆಲಸಕ್ಕಿರಬಹುದು, ಆದ್ದರಿಂದ ಇದನ್ನು ನೀವೇ ನೋಡಬೇಕು.

ಇನ್ನು ಶಾಯಿ. ಆಫೀಸಿನ ಪ್ರಿಂಟರಿನಲ್ಲಿ ಇರುವುದು ಕಪ್ಪು, ನೀಲಿ, ಗುಲಾಬಿ, ಹಳದಿ. ಬೂದು ಬಣ್ಣ ಬೇಕಾದಾಗ ಅದು ಮೂರು ಬಣ್ಣ ಬೆರೆಸುತ್ತದೆ. ಹಾಗಾಗಿಯೇ ನಿಮ್ಮ ಕಪ್ಪುಬಿಳುಪು ಪ್ರಿಂಟ್ ಕಿಟಕಿ ಬಳಿ ಹಸಿರು, ಬಲ್ಬಿನಡಿ ಕೆಂಪು. ಬರೀ ಕಪ್ಪಿನಲ್ಲೇ ಹೊಡೆದರೆ ತಿಳಿ ಜಾಗಕ್ಕೆ ಚುಕ್ಕೆಗಳನ್ನು ದೂರ ದೂರ ಇಡಬೇಕು, ಕೆನ್ನೆಯ ಮೇಲೆ ಸಾಸಿವೆ ಚೆಲ್ಲಿದಂತಾಗುತ್ತದೆ. ಚಿತ್ರಕಲೆ ಪಿರಿಯಡ್ಡಿನಲ್ಲಿ ಒಂದೇ 6ಬಿ ಪೆನ್ಸಿಲಿನಲ್ಲಿ ಎಲ್ಲಾ ಛಾಯೆ ತರುವುದು ಕಷ್ಟ, ಎಚ್‌ಬಿ, 2ಬಿ ಜೊತೆಗಿದ್ದರೆ ಸಲೀಸು. ಇಲ್ಲೂ ಅಷ್ಟೇ. 2005ರಲ್ಲಿ ಎಪ್ಸನ್ ಕಂಪನಿ ಕಪ್ಪು, ತಿಳಿಗಪ್ಪು, ಇನ್ನೂ ತಿಳಿಗಪ್ಪು ಎಂದು ಮೂರು ಹಂತದ ಶಾಯಿಯ ಫೋಟೋ ಪ್ರಿಂಟರುಗಳನ್ನು ತಂದಿತು. ಅಮೆರಿಕದ ಜಾನ್ ಕೋನ್ ಎಂಬವರು ಅದಕ್ಕೂ ಮೊದಲೇ ಬಣ್ಣಗಳನ್ನೆಲ್ಲ ತೆಗೆದು ಬರೀ ಬೂದು ಶಾಯಿಗಳನ್ನೇ ತುಂಬುವ ಪಿಯೆಜೋಗ್ರಫಿ ಎಂಬ ವಿಧಾನ ರೂಪಿಸಿದ್ದರು. ನಮಗೆ ಅಷ್ಟು ದೂರ ಹೋಗುವುದು ಬೇಡ, ಬೂದು ಶಾಯಿಗಳಿರುವ ಪ್ರಿಂಟರ್ ಆದರೆ ಸಾಕು.

ಶಾಯಿ ಪಿಗ್ಮೆಂಟ್ ಆಗಿರಬೇಕು, ಡೈ ಬೇಡ. ಡೈ ಎಂದರೆ ನೀರಿನಲ್ಲಿ ಕರಗಿದ ಬಣ್ಣ, ಬಿಸಿಲಿಗೆ ಗಾಳಿಗೆ ಬೇಗ ಮಾಸುತ್ತದೆ. ಪಿಗ್ಮೆಂಟ್ ಕಪ್ಪು ಇಂಗಾಲದ ಕಣ. ತಾಳೆಗರಿಯ ಅಕ್ಷರಕ್ಕೆ ನಮ್ಮ ಹಿರಿಯರು ಹಚ್ಚುತ್ತಿದ್ದ ಮಸಿಯೂ ಅದೇ, ಎಷ್ಟು ಕಾಲ ಬಾಳುತ್ತದೆಂದು ಬೇರೆ ಹೇಳಬೇಕೆ? ಕಾಗದ ಹತ್ತಿಯದಾದರೆ ಒಳ್ಳೆಯದು. ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಒಂದು ಬಗೆಯ ಕಪ್ಪು, ಹೊಳಪಿನದಕ್ಕೆ ಇನ್ನೊಂದು ಬಗೆ. ಅದಲು ಬದಲಾದರೆ ಕಪ್ಪು ಬೂದಿಯಂತೆ ಕಾಣುತ್ತದೆ. ಮ್ಯಾಟ್‌ನಲ್ಲಿ ಕಪ್ಪು ಸ್ವಲ್ಪ ಕಡಿಮೆ ಗಾಢ, ಆದರೂ ತರಗತಿಯ ಕಿಟಕಿ ಬೆಳಕು ಪ್ರತಿಫಲಿಸದೆ ಎಲ್ಲರಿಗೂ ಕಾಣಬೇಕಾದರೆ ನಮ್ಮ ಆಯ್ಕೆ ಅದೇ. ಮೊದಲು ಒಂದು ಪಟ್ಟಿಯಷ್ಟನ್ನು ಪ್ರಿಂಟ್ ಮಾಡಿಸಿ ಹಗಲು ಬೆಳಕಿನಲ್ಲಿ ನೋಡಿ. ಮೇಷ್ಟರ ಕಪ್ಪು ಕೋಟಿನ ಅಂಚು ಹಿಂದಿನ ಬಾಗಿಲಿನ ಕತ್ತಲಿನಿಂದ ಬೇರೆಯಾಗಿ ಕಾಣಬೇಕು, ಬಿಳಿ ಪಂಚೆಯ ನೆರಿಗೆಯೂ ಕಾಣಬೇಕು.

ಈಗಿನ ಒಂದು ಹೊಸ ಪಿಡುಗಿನ ಬಗ್ಗೆ ಹೇಳದಿದ್ದರೆ ಆಗದು. ಹಳೆಯ ಫೋಟೋ ಹಾಕಿದರೆ ಮುಖ ತೊಳೆದಂತೆ ಮಾಡಿ ಬಣ್ಣ ಬಳಿದು ಕೊಡುವ ಆ್ಯಪ್‌ಗಳು ಬಂದಿವೆ. ಗ್ರೂಪ್ ಫೋಟೋದಲ್ಲಿ ಕಡಲೆಕಾಳಿನಷ್ಟಿರುವ ಮುಖಕ್ಕೆ ಅವು ಕಣ್ಣು, ಹಲ್ಲುಗಳನ್ನು ತಾವೇ ಊಹಿಸಿ ಅಂಟಿಸುತ್ತವೆ. ನೋಡಲು ಚೆಂದ, ಆದರೆ ಅದು ಆ ಮಗುವಲ್ಲ. ಬೀಳ್ಕೊಡುಗೆಯ ವಾಟ್ಸಾಪಿಗೆ ಬೇಕಾದರೆ ಹಾಕಿಕೊಳ್ಳಿ, ಶಾಲೆಯ ಗೋಡೆಗೆ ಬೇಡವೇ ಬೇಡ. ಗೀರು, ಧೂಳು ತೆಗೆಸಿ, ಮುಖ ಮುಟ್ಟಿಸಬೇಡಿ.

ಹೊಸೂರಿನಿಂದ ಬೆಂಗಳೂರಿಗೆ ನಲವತ್ತು ಕಿಲೋಮೀಟರ್. ಪಿಗ್ಮೆಂಟ್ ಪ್ರಿಂಟ್ ಮಾಡುವವರು ಅಲ್ಲಿದ್ದಾರೆ. ಒಂದೇ ಶಾಲೆ ಹೋದರೆ ದುಬಾರಿ. ನಾಲ್ಕೈದು ಶಾಲೆಗಳ ನೆಗೆಟಿವ್ ಸೇರಿಸಿ, ಹಳೆ ವಿದ್ಯಾರ್ಥಿಗಳ ಸಂಘದವರನ್ನೂ ಕರೆದುಕೊಂಡು ಒಂದು ಶನಿವಾರ ಹೋಗಿಬರಬಹುದು. ನೆಗೆಟಿವ್ ಕೈಯಲ್ಲೇ ವಾಪಸ್ ತನ್ನಿ, ಕೊರಿಯರ್ ಬೇಡ. ಪ್ರಿಂಟನ್ನು ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಗಾಜಿಗೆ ತಾಗದಂತೆ ದಪ್ಪ ಕಾಗದದ ಅಂಚು ಕೊಟ್ಟು ಚೌಕಟ್ಟು ಹಾಕಿಸಿ.

ಚೌಕಟ್ಟಿಗೆ ಮೊದಲು ಒಂದು ಮಾಮೂಲಿ ಜೆರಾಕ್ಸ್ ಪ್ರತಿ ತೆಗೆದು, ಆ ತರಗತಿಯಲ್ಲಿ ಓದಿದ ಹಿರಿಯರ ಮನೆಗೆ ಒಯ್ಯಿರಿ. ಹಿಂದಿನ ಸಾಲು, ಎಡದಿಂದ ಬಲಕ್ಕೆ, ಹೆಸರು, ಊರು. ಮಕ್ಕಳ ಕೈಯಲ್ಲೇ ಬರೆಸಿ, ಕನ್ನಡದಲ್ಲಿ. ಈ ಕೆಲಸಕ್ಕೆ ಯಾವ ಪ್ರಿಂಟರೂ ಬೇಡ, ಇದೇ ಬೇಸಿಗೆ ರಜೆಯಲ್ಲಿ ಮಾಡಬಹುದು.