ಗದ್ದೆಗೆ ಜೋಳ ಬಂತು, ನೀರು ಹೋಗಲಿಲ್ಲ

ಶಿರಸಿಯ ಬನವಾಸಿ ಭಾಗ, ಯಲ್ಲಾಪುರದ ಕಿರವತ್ತಿ ಕಡೆ ಭತ್ತ ಬಿಟ್ಟು ಗೋವಿನಜೋಳ ಹಾಕಿದವರು ಕಡಿಮೆಯಿಲ್ಲ. ಸಿದ್ದಾಪುರದಲ್ಲಿ ಇನ್ನೂ ಅಡಿಕೆ, ಭತ್ತದ್ದೇ ಮಾತು. ನಾಟಿಗೆ ಆಳಿಲ್ಲ, ಮಳೆ ನಂಬುವಂತಿಲ್ಲ. ಜೋಳದತ್ತ ಹೊರಳಿದವರನ್ನು ನಾವು ತಪ್ಪೆನ್ನುವುದಿಲ್ಲ.

ಆದರೆ ಎಲ್ಲರೂ ಕೇಳುವುದು ಒಂದೇ: ಈ ವರ್ಷ ಯಾವ ಬೀಜ ಚಲೋ? ನಮ್ಮ ಪ್ರಕಾರ ಬೀಜಕ್ಕಿಂತ ಮೊದಲು ಬಸಿಗಾಲುವೆ. ಭತ್ತದ ಗದ್ದೆ ಮಾಡಿದ್ದೇ ನೀರು ನಿಲ್ಲಿಸಲಿಕ್ಕೆ. ಮೊಣಕಾಲೆತ್ತರ ಬರುವ ಮೊದಲು ಎರಡು ಮೂರು ದಿನ ನೀರು ನಿಂತರೂ ಜೋಳದ ಬೇರಿಗೆ ಉಸಿರಿಲ್ಲ, ಎಲೆ ಹಳದಿ. ಆಗ ಗಾಬರಿಯಲ್ಲಿ ಯೂರಿಯಾ ಎರಚುತ್ತೇವೆ, ಅದು ಹಳ್ಳ ಸೇರುತ್ತದೆ. ಜೂನ್ ಒಣಗಿದ ವರ್ಷ ಬಿತ್ತನೆ ತಡ. ಜುಲೈ ಮಳೆ ಹೊಡೆಯುವಾಗ ಸಸಿ ಇನ್ನೂ ಎಳೆಯದು. ಪೆಟ್ಟು ಬೀಳುವುದು ಅಲ್ಲೇ.

ಹಾಗಾಗಿ ಬದುವಿಗೆ ಕಂಡಿ ಬಿಡಿಸಿ, ಬೋದಿನ ಮೇಲೆ ಬಿತ್ತಬೇಕು. ಇಳಿಜಾರಾದರೆ ಸಾಲು ಅಡ್ಡಕ್ಕೇ ಇರಲಿ, ಇಲ್ಲವಾದರೆ ಮೇಲ್ಮಣ್ಣೂ ಹೋಗುತ್ತದೆ. ಯೂರಿಯಾ ಮಳೆ ಬಿಡುವು ನೋಡಿ ಎರಡು ಮೂರು ಕಂತಲ್ಲಿ ಕೊಡಬೇಕು. ಅದೇ ಬಿಡುವಿನಲ್ಲಿ ಸುಳಿಯನ್ನೂ ನೋಡಿ: 2018ರಲ್ಲಿ ರಾಜ್ಯಕ್ಕೆ ಬಂದ ಸೈನಿಕ ಹುಳುವಿಗೆ ಒಣಹವೆ ಹಿತ.

ತೊಡಕು ಇರುವುದು ಕೆಳಗಿನ ಗದ್ದೆಯವರಲ್ಲಿ. ನಮ್ಮ ಕಂಡಿಯ ನೀರು ಅವರ ಗದ್ದೆಗೇ ಇಳಿಯುತ್ತದೆ. ಎಷ್ಟೋ ಜಗಳ ಹುಟ್ಟುವುದು ಇಲ್ಲೇ. ಒಬ್ಬೊಬ್ಬರೇ ಅಗೆದು ಪ್ರಯೋಜನವಿಲ್ಲ, ಇಡೀ ಬಯಲಿಗೆ ಒಂದೇ ಕಾಲುವೆ ಬೇಕು. ಬೇಸಿಗೆಯ ಗ್ರಾಮಸಭೆಯಲ್ಲಿ ಇದನ್ನು ಬರೆಸಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಮೇ ತಿಂಗಳಲ್ಲೇ ಬಯಲಿಗೆ ಕರೆಸಿ, ಬಿತ್ತಿದ ಮೇಲಲ್ಲ.